ಪಂದ್ಯ ಮತ್ತು ಪಣ

ಕನ್ನಡದಲ್ಲಿ ‘ಪಂದ್ಯ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಎರಡು ತಂಡಗಳು ಅಂಗಳಕ್ಕಿಳಿದು ತಮ್ಮ ಬಲವನ್ನೂ ಚಾತುರ್ಯವನ್ನೂ ಒರೆಗೆ ಹಚ್ಚುವುದು ಪಂದ್ಯ. ಹೊರಗೆ ನಿಂತವರು ಆ ಆಟದ ಫಲಿತಾಂಶದ ಮೇಲೆ ಹಣವನ್ನು ಕಟ್ಟುವುದೂ ಪಂದ್ಯವೇ. ‘ಪಣ’ ಎಂಬ ಶಬ್ದದ ಸ್ಥಿತಿಯೂ ಇಂಥದೇ. ಪಣವನ್ನು ಒಡ್ಡುವವನು ಜೂಜುಗಾರ. ಪಣವನ್ನು ತೊಡುವವನು ಛಲಗಾರ. ಒಡ್ಡುವುದಕ್ಕೂ ತೊಡುವುದಕ್ಕೂ ಇರುವ ಅಂತರವು ನಿಘಂಟಿನಲ್ಲಿ ಒಂದು ಕ್ರಿಯಾಪದದಷ್ಟು ಮಾತ್ರ. ಬದುಕಿನಲ್ಲಿ ಅದು ಬಹಳ ದೊಡ್ಡದು. ಇತ್ತೀಚಿನ ವರ್ಷಗಳಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಓದುವ ಅನೇಕ ತರುಣರು ಆಟವನ್ನು ನೋಡಲು ಕುಳಿತು, ಪಣದಲ್ಲಿ ಸಿಲುಕಿ, ಪುಸ್ತಕದಿಂದ ದೂರ ಸರಿಯುತ್ತಿದ್ದಾರೆ. ಇದು ಹೇಗೆ ನಡೆಯುತ್ತದೆ ಎಂಬುದನ್ನು ಅರಿಯಲು ಕಾರವಾರ, ಅಂಕೋಲೆಗಳ ಕಡೆಗೊಮ್ಮೆ ನೋಡಬಹುದು.

ಸಹ್ಯಾದ್ರಿಯ ಅಡಿಗೂ ಅರಬ್ಬೀ ಸಮುದ್ರದ ಅಂಚಿಗೂ ನಡುವೆ ಹಬ್ಬಿದ ಈ ಊರುಗಳು ಆಟವನ್ನು ಪ್ರೀತಿಸುವ ಊರುಗಳು. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಕಬಡ್ಡಿ, ವಾಲಿಬಾಲ್ ಪಂದ್ಯಗಳು ರಾತ್ರಿಯೆಲ್ಲ ದೀಪದ ಬೆಳಕಿನಲ್ಲಿ ನಡೆಯುತ್ತವೆ. ಸಮುದ್ರದ ನೀರು ಇಳಿತಕ್ಕೆ ಹಿಂದೆ ಸರಿದಾಗ ಗಟ್ಟಿಯಾಗುವ ಮರಳಿನ ಮೇಲೆ ಹುಡುಗರು ಕ್ರಿಕೆಟ್ ಆಡುತ್ತಾರೆ. ಭರತ ಬಂದಾಗ ಅಂಗಳವೇ ಮಾಯವಾಗುವುದರಿಂದ ಆಟವೂ ತಾನಾಗಿ ಮುಗಿಯುತ್ತದೆ. ಈ ಪ್ರೀತಿಯಲ್ಲಿ ಯಾವ ದೋಷವೂ ಇಲ್ಲ. ಆಡುವವನು ದಣಿಯುತ್ತಾನೆ, ಸೋಲನ್ನು ಕಲಿಯುತ್ತಾನೆ, ಮನೆಗೆ ಬಂದು ಉಣ್ಣುತ್ತಾನೆ, ಮಲಗುತ್ತಾನೆ. ಪಣ ಕಟ್ಟುವವನಿಗೆ ಈ ನಾಲ್ಕರಲ್ಲಿ ಒಂದೂ ದಕ್ಕುವುದಿಲ್ಲ.

ಜೂಜು ಈ ನೆಲಕ್ಕೆ ಹೊಸದೇನೂ ಅಲ್ಲ. ಜಾತ್ರೆಯ ಮೂಲೆಯಲ್ಲಿ ತಿರುಗುವ ಗರಗರ ಮಂಡಲ, ಕದ್ದು ನಡೆಸುವ ಕೋಳಿ ಅಂಕ, ಹಬ್ಬದ ರಾತ್ರಿಗಳ ಇಸ್ಪೀಟು ಇವು ಹಳೆಯವು. ಉತ್ತರ ಕನ್ನಡ ಜಿಲ್ಲೆಯು 1862ರಿಂದ 1956ರ ಅಕ್ಟೋಬರ್ ಕೊನೆಯವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೂ ಇಲ್ಲಿಯ ಜನರು ಉದ್ಯೋಗಕ್ಕಾಗಿ ಆ ನಗರಕ್ಕೆ ಹೋಗಿಬರುವುದು ನಿಲ್ಲಲಿಲ್ಲ. 1960ರ ದಶಕದಲ್ಲಿ ಮುಂಬಯಿಯಲ್ಲಿ ಬೆಳೆದ ಮಟಕಾ ಎಂಬ ಅಂಕಿಗಳ ಜೂಜು ಕರಾವಳಿಯ ಉದ್ದಕ್ಕೂ ಹರಡಿತು. ಮೊದಮೊದಲು ನ್ಯೂಯಾರ್ಕಿನ ಹತ್ತಿ ಪೇಟೆಯ ಧಾರಣೆಯ ಅಂಕಿಗಳ ಮೇಲೆ ಹಣ ಕಟ್ಟಲಾಗುತ್ತಿತ್ತು. ಆ ಅಂಕಿಗಳು ಬರುವುದು ನಿಂತ ಮೇಲೆ ಮಡಕೆಯೊಳಗಿನಿಂದ ಚೀಟಿ ಎತ್ತುವ ಕ್ರಮ ಬಂದಿತು. ಮಟಕಾ ಎಂದರೆ ಮಡಕೆ. ದಿನಕ್ಕೆ ಎರಡು ಸಲ, ಒಮ್ಮೆ ‘ಓಪನ್’ ಎಂದೂ ಒಮ್ಮೆ ‘ಕ್ಲೋಸ್’ ಎಂದೂ ಅಂಕಿ ಪ್ರಕಟವಾಗುತ್ತಿದ್ದುದರಿಂದ ಕರಾವಳಿಯ ಜನರು ಇದನ್ನು ‘ಓಸಿ’ ಎಂದು ಕರೆದರು. ಬೀಡಾ ಅಂಗಡಿಯ ಹಿಂಬದಿಯಲ್ಲಿ ಚೀಟಿ ಬರೆಸಿದವರ ಸಂಸಾರಗಳು ಎಷ್ಟೋ ಮುಳುಗಿದವು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಜಾತ್ರೆಯ ಮಂಡಲ ತಿರುಗುವುದು ವರ್ಷಕ್ಕೊಮ್ಮೆ. ಓಸಿಯ ಅಂಕಿ ಬರುವುದು ದಿನಕ್ಕೆರಡು ಸಲ. 2008ರ ಏಪ್ರಿಲ್ ತಿಂಗಳಲ್ಲಿ ಆರಂಭವಾದ ಇಂಡಿಯನ್ ಪ್ರೀಮಿಯರ್ ಲೀಗ್‌ನ ಒಂದು ಪಂದ್ಯದಲ್ಲಿ, ಎರಡೂ ತಂಡಗಳು ಪೂರ್ತಿ ಇಪ್ಪತ್ತು ಓವರು ಆಡಿದರೆ, 240 ಎಸೆತಗಳಿರುತ್ತವೆ. ಕೈಯಲ್ಲಿ ಮೊಬೈಲು, ಅದರಲ್ಲಿ ಹಣ ಕಳುಹಿಸುವ ಸೌಕರ್ಯ ಇವೆರಡೂ ಬಂದ ಮೇಲೆ ಪ್ರತಿಯೊಂದು ಎಸೆತದ ಮೇಲೂ ಹಣ ಕಟ್ಟಲು ಸಾಧ್ಯವಾಯಿತು. ಆಸೆಗೂ ಫಲಕ್ಕೂ ನಡುವಿನ ಅವಧಿಯು ವರ್ಷದಿಂದ ದಿನಕ್ಕೆ, ದಿನದಿಂದ ನಿಮಿಷಕ್ಕೆ ಇಳಿಯಿತು. ವಿದ್ಯೆಯಾದರೋ ಇದಕ್ಕೆ ತೀರ ವಿರುದ್ಧವಾದ ಗತಿಯುಳ್ಳದ್ದು. ಇಂದು ಓದಿದ ಪಾಠದ ಫಲ ಮುಂದಿನ ವರ್ಷವೋ ಹತ್ತು ವರ್ಷಗಳ ಮೇಲೋ ಕಾಣಿಸುತ್ತದೆ. ನಿಮಿಷಕ್ಕೊಂದು ಫಲವನ್ನು ಬಯಸಲು ಕಲಿತ ಮನಸ್ಸು ವರ್ಷಗಟ್ಟಲೆ ಕಾಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಪಣದಿಂದ ವಿದ್ಯಾರ್ಥಿಗೆ ಆಗುವ ನಷ್ಟಗಳಲ್ಲಿ ಹಣದ ನಷ್ಟಕ್ಕಿಂತಲೂ ಇದು ದೊಡ್ಡದು.

ಪಣ ಕಟ್ಟುವ ವಿದ್ಯಾರ್ಥಿಯು ತನ್ನನ್ನು ಜೂಜುಗಾರನೆಂದು ಎಂದೂ ಭಾವಿಸುವುದಿಲ್ಲ. ‘ಇದು ಅದೃಷ್ಟದ ಆಟವಲ್ಲ, ತಿಳಿವಳಿಕೆಯ ಆಟ, ಯಾವ ಬೌಲರನು ಯಾವ ಅಂಗಳದಲ್ಲಿ ಹೇಗೆ ಎಸೆಯುತ್ತಾನೆ ಎಂಬುದು ನನಗೆ ಗೊತ್ತಿದೆ’ ಎಂದು ಅವನು ವಾದಿಸುತ್ತಾನೆ. ಜೂಜು ಜ್ಞಾನದ ವೇಷ ಹಾಕಿಕೊಂಡು ಬರುವುದು ಇದೇ ಮೊದಲಲ್ಲ. 1950ರ ಸುಮಾರಿಗೆ ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ ಆರ್.ಎಂ.ಡಿ.ಸಿ. ಪದಬಂಧ ಎಂಬ ಬಹುಮಾನದ ಸ್ಪರ್ಧೆ ಇರುತ್ತಿತ್ತು. ಅಂದಿನ ಮುಂಬಯಿ ರಾಜ್ಯದಿಂದ ಬಹಳ ಜನರು ಹಣ ಕಟ್ಟಿ ಅದರಲ್ಲಿ ಭಾಗವಹಿಸುತ್ತಿದ್ದರು. ನೋಡುವುದಕ್ಕೆ ಅದು ಶಬ್ದಜ್ಞಾನದ ಪರೀಕ್ಷೆ. ವಾಸ್ತವದಲ್ಲಿ ಹೊಂದುವಂತಹ ಶಬ್ದಗಳು ಒಂದಕ್ಕಿಂತ ಹೆಚ್ಚು ಇರುತ್ತಿದ್ದು, ಸಂಘಟಕರು ಮೊದಲೇ ನಿಶ್ಚಯಿಸಿಟ್ಟ ಶಬ್ದಕ್ಕೆ ಯಾರ ಶಬ್ದ ತಾಳೆಯಾಯಿತೋ ಅವನೇ ಗೆದ್ದವನು. ಮುಂಬಯಿ ಸರ್ಕಾರವು ಅದಕ್ಕೆ ಕಾನೂನಿನ ಕಡಿವಾಣ ಹಾಕಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸ್ ಅವರ ನೇತೃತ್ವದ ಪೀಠವು, ಈ ಸ್ಪರ್ಧೆಯು ಜೂಜಿನ ಸ್ವರೂಪದ್ದೆಂದೂ, ಜೂಜನ್ನು ಸಂವಿಧಾನವು ರಕ್ಷಿಸುವ ವ್ಯಾಪಾರವೆಂದು ಎಣಿಸಲಾಗದೆಂದೂ ತೀರ್ಪಿತ್ತಿತು. ಋಗ್ವೇದದಲ್ಲಿಯೂ ಮಹಾಭಾರತದಲ್ಲಿಯೂ ಜೂಜಿನ ಅನರ್ಥವನ್ನು ವರ್ಣಿಸಿರುವುದನ್ನು ಆ ತೀರ್ಪು ಸ್ಮರಿಸುತ್ತದೆ.

ಕ್ರಿಕೆಟ್ಟಿನ ತಿಳಿವಳಿಕೆಯಾದರೂ ಪಣಕ್ಕೆ ಎಷ್ಟು ಉಪಯೋಗಕ್ಕೆ ಬಂದೀತು? ದಕ್ಷಿಣ ಆಫ್ರಿಕದ ನಾಯಕನಾಗಿದ್ದ ಹ್ಯಾನ್ಸಿ ಕ್ರೋನಿಯೆ ಬುಕ್ಕಿಗಳಿಂದ ಹಣ ಪಡೆದುದನ್ನು 2000ದಲ್ಲಿ ಒಪ್ಪಿಕೊಂಡಾಗ ಜಗತ್ತೇ ಬೆರಗಾಯಿತು. ಅವನ ಆಟದ ಅಂಕಿ ಅಂಶಗಳನ್ನೆಲ್ಲ ಬಾಯಿಪಾಠ ಮಾಡಿದ್ದವರಿಗೂ ಆ ಒಂದು ಅಂಶ ತಿಳಿದಿರಲಿಲ್ಲ.

ತಿಳಿವಳಿಕೆ ಇದ್ದರೂ, ಆಟ ಪ್ರಾಮಾಣಿಕವಾಗಿದ್ದರೂ, ಲೆಕ್ಕವು ಪಣ ಕಟ್ಟುವವನ ವಿರುದ್ಧವಾಗಿಯೇ ಇರುತ್ತದೆ. ಇದಕ್ಕೆ ಒಂಬತ್ತನೆಯ ತರಗತಿಯ ಗಣಿತವೇ ಸಾಕು. ಸಮಬಲದ ಎರಡು ತಂಡಗಳಿವೆ ಎಂದು ಭಾವಿಸಬಹುದು. ಒಬ್ಬನು ಒಂದು ತಂಡದ ಮೇಲೆ 100 ರೂಪಾಯಿ, ಇನ್ನೊಬ್ಬನು ಎದುರಿನ ತಂಡದ ಮೇಲೆ 100 ರೂಪಾಯಿ ಕಟ್ಟುತ್ತಾರೆ. ಗೆದ್ದವನಿಗೆ ಅವನ ನೂರರ ಜೊತೆಗೆ 90 ರೂಪಾಯಿ ಸಿಗುತ್ತದೆ ಎಂಬುದು ಕರಾರು. ಪಣ ಸ್ವೀಕರಿಸುವವನ ಕೈಗೆ ಬಂದದ್ದು 200; ಅವನು ಕೊಡುವುದು 190; ಉಳಿಯುವುದು 10. ಯಾರು ಗೆದ್ದರೂ ಅವನಿಗೆ ಒಂದೇ. ಅವನಿಗೆ ಕ್ರಿಕೆಟ್ ಗೊತ್ತಿರಬೇಕಾದ ಅಗತ್ಯವೂ ಇಲ್ಲ! ಕಟ್ಟಿದವರ ಕಡೆಯಿಂದ ನೋಡಿದರೆ, ಪ್ರತಿ ನೂರು ರೂಪಾಯಿಗೆ ಸರಾಸರಿ 5 ರೂಪಾಯಿ ಕೈ ಬಿಡುತ್ತದೆ. ಐದು ರೂಪಾಯಿ ಅಲ್ಪವೆಂದು ತೋರಬಹುದು. ಆದರೆ 2022ರ ಐಪಿಎಲ್‌ನಲ್ಲಿ 74 ಪಂದ್ಯಗಳಿದ್ದವು. ಅಂಥ ಒಂದು ಋತುವಿನಲ್ಲಿ ಪಂದ್ಯಕ್ಕೆ ಹತ್ತು ಸಲದಂತೆ ನೂರು ನೂರು ರೂಪಾಯಿ ಕಟ್ಟಿದವನು ಒಟ್ಟು 740 ಪಣ ಕಟ್ಟಿದಂತಾಯಿತು. ಸರಾಸರಿ ನಷ್ಟ 3,700 ರೂಪಾಯಿ. ಒಬ್ಬಿಬ್ಬರು ಗೆದ್ದಿರಬಹುದು. ಅವರು ಗೆದ್ದುದನ್ನು ಊರೆಲ್ಲ ಹೇಳುತ್ತಾರೆ, ಸೋತವರು ಸುಮ್ಮನಿರುತ್ತಾರೆ. ಆದ್ದರಿಂದ ಕಾಲೇಜಿನ ಕಟ್ಟೆಯ ಮೇಲೆ ಕೇಳಿಬರುವುದು ಗೆಲುವಿನ ಸುದ್ದಿಯೊಂದೇ.

ಇಷ್ಟಕ್ಕೇ ಮುಗಿದಿದ್ದರೆ ಹಾನಿ ಸೀಮಿತವಾಗಿರುತ್ತಿತ್ತು. ಸೋತವನು ಸೋತದ್ದನ್ನು ಮರಳಿ ಪಡೆಯಲು ಹೊರಡುತ್ತಾನೆ. ಅಲ್ಲಿಂದ ಲೆಕ್ಕದ ಸ್ವರೂಪವೇ ಬೇರೆಯಾಗುತ್ತದೆ. 100 ಸೋತವನು ಮುಂದಿನ ಸಲ 200 ಕಟ್ಟುತ್ತಾನೆ. ಅದೂ ಹೋದರೆ 400, ಅನಂತರ 800, 1,600, 3,200. ಆರು ಸಲ ಸತತವಾಗಿ ಸೋತರೆ ಹೋದದ್ದು ಒಟ್ಟು 6,300 ರೂಪಾಯಿ. ಇಂಥ ಸರಣಿಯು ಅಪರೂಪವೆಂದು ತಿಳಿಯಬಾರದು. ಅದರ ಸಂಭವ 64ರಲ್ಲಿ ಒಂದು. 740 ಪಣಗಳ ನಡುವೆ ಅದು ಒಂದಲ್ಲ, ಹಲವು ಸಲ ಎದುರಾಗಬಹುದು. ಏಳನೆಯ ಸಲ ಅವನು ಹೇಗೋ 6,400 ರೂಪಾಯಿ ಹೊಂದಿಸಿ ಕಟ್ಟಿ ಗೆದ್ದನೆಂದೇ ಇಟ್ಟುಕೊಂಡರೂ, ನೂರಕ್ಕೆ ತೊಂಬತ್ತರ ಕರಾರಿನಂತೆ ಬರುವ ಲಾಭ 5,760. ಹಿಂದೆ ಸೋತದ್ದು 6,300. ಗೆದ್ದ ಮೇಲೂ ಅವನು 540 ರೂಪಾಯಿ ಸೋತಿದ್ದಾನೆ.

‘ಇಷ್ಟು ಸಲ ಸೋತೆ, ಇನ್ನು ಗೆಲ್ಲಲೇಬೇಕು’ ಎಂಬ ನಂಬಿಕೆಯು ಬಹು ಹಳೆಯ ಭ್ರಮೆ. ಮಾಂಟೆ ಕಾರ್ಲೊ ನಗರದ ಜೂಜಿನ ಮನೆಯಲ್ಲಿ 1913ರ ಆಗಸ್ಟ್ 18ರಂದು ತಿರುಗುವ ಚಕ್ರದ ಗೋಲಿಯು ಸತತವಾಗಿ 26 ಸಲ ಕಪ್ಪು ಮನೆಯಲ್ಲಿಯೇ ಬಿದ್ದಿತು. ಇನ್ನು ಕೆಂಪು ಬಂದೇ ಬರುತ್ತದೆಂದು ಜನರು ಮೇಲಿಂದ ಮೇಲೆ ಕೆಂಪಿನ ಮೇಲೆ ಸುರಿದ ಹಣವೆಲ್ಲ ಹೋಯಿತು. ಗೋಲಿಗೆ ಹಿಂದಿನದು ನೆನಪಿರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳೂ ಈ ವಿಷಯದಲ್ಲಿ ಬೆಳಕು ಚೆಲ್ಲುತ್ತವೆ. ಗುಂಡಿಯನ್ನು ಕುಕ್ಕಿದಾಗ ಕಾಳು ಸಿಗುವುದು ನಿಂತುಹೋದರೆ, ನಿಶ್ಚಿತ ಕ್ರಮದಲ್ಲಿ ಕಾಳು ಪಡೆದು ಅಭ್ಯಾಸವಾದ ಪಕ್ಷಿಯು ಬೇಗನೆ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಕ್ಕೀತೆಂದು ತಿಳಿಯದಂತೆ ಒಮ್ಮೊಮ್ಮೆ ಮಾತ್ರ ಕಾಳು ಪಡೆದ ಪಕ್ಷಿಯು ಎಡೆಬಿಡದೆ ಕುಕ್ಕುತ್ತಲೇ ಇರುತ್ತದೆ.

ಧರ್ಮರಾಯನು ದಡ್ಡನಾಗಿರಲಿಲ್ಲ, ವಿದ್ಯಾಹೀನನೂ ಆಗಿರಲಿಲ್ಲ. ಕರಾವಳಿಯ ಯಕ್ಷಗಾನವನ್ನು ನೋಡಿ ಬೆಳೆದ ಮಕ್ಕಳಿಗೆ ದ್ಯೂತದ ಕಥೆ ಚೆನ್ನಾಗಿ ಗೊತ್ತು. ಆದರೆ ಆ ಕಥೆಯ ಒಂದು ಭಾಗದ ಕಡೆಗೆ ಎಲ್ಲರ ಗಮನ ಹೋಗುವುದಿಲ್ಲ. ಮೊದಲ ದ್ಯೂತದಲ್ಲಿ ಸೋತದ್ದೆಲ್ಲವನ್ನೂ ಧೃತರಾಷ್ಟ್ರನು ಹಿಂದಿರುಗಿಸಿದನು. ರಾಜ್ಯ ಬಂದಿತು, ಸ್ವಾತಂತ್ರ್ಯ ಬಂದಿತು. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದಿದ್ದರು. ಅಷ್ಟರಲ್ಲಿ ಮತ್ತೊಂದು ಕರೆ ಬಂದಿತು. ಧರ್ಮರಾಯನು ದಾರಿಯಿಂದಲೇ ಹಿಂದಿರುಗಿ ಮತ್ತೆ ಪಗಡೆಯ ಮುಂದೆ ಕುಳಿತನು. ಹನ್ನೆರಡು ವರ್ಷಗಳ ವನವಾಸ ಬಂದುದು ಮೊದಲ ಆಟದಿಂದಲ್ಲ, ಈ ಎರಡನೆಯ ಆಟದಿಂದ.

ಈಗ ಅವರ್ಸಾದಿಂದ ಕಾರವಾರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಒಬ್ಬ ವಿಜ್ಞಾನ ಪದವಿ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಬಹುದು. ತಂದೆಗೆ ದೋಣಿಯ ಮೇಲೆ ಕೆಲಸ; ತಾಯಿ ಬೆಳಗಿನ ಸಂತೆಗೆ ಮೀನು ಒಯ್ಯುತ್ತಾಳೆ. ಹುಡುಗನು ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗನಾಗಿದ್ದವನು. ‘ಐವತ್ತೇ ರೂಪಾಯಿ ಮಾರಾಯಾ, ಎರಡು ಚಹಾ ಕುಡಿದ ಹಾಗೆ’ ಎಂದು ಗೆಳೆಯನೊಬ್ಬನು ಹೇಳಿದಾಗ ಅದರಲ್ಲಿ ತಪ್ಪೇನೂ ಅವನಿಗೆ ಕಾಣಲಿಲ್ಲ. ಮೊದಲ ವಾರದಲ್ಲಿಯೇ ಐನೂರು ರೂಪಾಯಿ ಬಂದಿತು. ನಿಜವಾಗಿ ನೋಡಿದರೆ ಮೊದಲ ವಾರವೇ ಸೋತವನು ಭಾಗ್ಯವಂತ. ಅವನು ಅಲ್ಲಿಗೇ ನಿಲ್ಲುವ ಸಂಭವವುಂಟು.

ಪಂದ್ಯಗಳು ನಡೆಯುವುದು ಸಾಮಾನ್ಯವಾಗಿ ಮಾರ್ಚಿನ ಕೊನೆಯಿಂದ ಮೇ ತಿಂಗಳ ಅಂತ್ಯದವರೆಗೆ. ಓದಿನ ಒತ್ತಡ ಹೆಚ್ಚುವ ತಿಂಗಳುಗಳೂ ಇವೇ. ಆಟ ಆರಂಭವಾಗುವುದು ಸಂಜೆ ಏಳೂವರೆಗೆ, ಮುಗಿಯುವುದು ಹನ್ನೊಂದು ಗಂಟೆ ಕಳೆದ ಮೇಲೆ. ದಿನವಿಡೀ ತರಗತಿ, ಪ್ರಯಾಣಗಳಲ್ಲಿ ಕಳೆದ ವಿದ್ಯಾರ್ಥಿಗೆ ಸ್ವಂತವಾಗಿ ಉಳಿಯುವುದು ಆ ನಾಲ್ಕು ಗಂಟೆಗಳೇ. ಪುಸ್ತಕ ತೆರೆದಿರುತ್ತದೆ, ಪಕ್ಕದಲ್ಲಿ ಮೊಬೈಲೂ ತೆರೆದಿರುತ್ತದೆ. ಒಂದು ಪುಟವನ್ನು ನಾಲ್ಕು ಸಲ ಓದಿದರೂ ಏನೂ ಉಳಿಯುವುದಿಲ್ಲ. ಪಂದ್ಯ ಮುಗಿದ ಮೇಲೆ ನಿದ್ರೆಯೂ ಬರುವುದಿಲ್ಲ. ಸೋತಿದ್ದರೆ ಚಿಂತೆ, ಗೆದ್ದಿದ್ದರೆ ನಾಳೆಯ ಲೆಕ್ಕ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ ಎಂಬುದನ್ನು ವಿಜ್ಞಾನವು ಕಂಡುಕೊಂಡಿದೆ. ನಿದ್ರೆಗೆಟ್ಟವನ ಕಲಿಕೆಯು ಹೀಗೆ ಎರಡು ಕಡೆಯಿಂದ ಸೋರಿಹೋಗುತ್ತದೆ.

ಮಾರನೆಯ ದಿನ ರಸಾಯನಶಾಸ್ತ್ರದ ಪ್ರಯೋಗಾಲಯ. ಬ್ಯೂರೆಟ್ಟಿನಿಂದ ದ್ರಾವಣವನ್ನು ಹನಿಹನಿಯಾಗಿ ಇಳಿಸುತ್ತ ಕೆಳಗಿನ ಪಾತ್ರೆಯಲ್ಲಿ ತಿಳಿಗುಲಾಬಿ ಬಣ್ಣ ಮೂಡುವ ಕ್ಷಣವನ್ನು ಹಿಡಿಯಬೇಕು. ಒಂದು ಹನಿ ಕಡಿಮೆಯಾದರೆ ಬಣ್ಣವಿಲ್ಲ; ನಾಲ್ಕು ಹನಿ ಹೆಚ್ಚಾದರೆ ಬಣ್ಣ ಗಾಢವಾಗಿ ಪ್ರಯೋಗ ಕೆಡುತ್ತದೆ. ಕಾಯುವುದೇ ಇಲ್ಲಿಯ ವಿದ್ಯೆ. ಜೇಬಿನಲ್ಲಿ ಮೊಬೈಲು ಸಣ್ಣಗೆ ನಡುಗುತ್ತದೆ. ಎಲ್ಲೋ ದೂರದ ದೇಶದಲ್ಲಿ, ಅವನು ಹೆಸರನ್ನೂ ಕೇಳದ ತಂಡಗಳ ನಡುವೆ ಒಂದು ಪಂದ್ಯ ನಡೆದಿದೆ, ಅದರ ಮೇಲೂ ಪಣವಿದೆ. ಕಣ್ಣು ಜೇಬಿನ ಕಡೆಗೆ ಹೊರಳಿ ಹಿಂದಿರುಗುವಷ್ಟರಲ್ಲಿ ಪಾತ್ರೆಯ ದ್ರಾವಣ ಕಡುಗುಲಾಬಿಯಾಗಿರುತ್ತದೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಅವನು ಪಕ್ಕದವನ ಅಂಕಿಯನ್ನು ನೋಡಿ ಬರೆದುಕೊಳ್ಳುತ್ತಾನೆ.

ಹಣದ ಕಥೆಯನ್ನು ಹೆಚ್ಚು ಹೇಳಬೇಕಾಗಿಲ್ಲ. ಅದು ಎಲ್ಲೆಡೆಯೂ ಒಂದೇ ತೆರನಾಗಿರುತ್ತದೆ. ಮೊದಲು ಕೈಖರ್ಚಿನ ಹಣ, ಅನಂತರ ಬಸ್ಸಿನ ಪಾಸಿನ ಹಣ, ಅನಂತರ ಗೆಳೆಯರ ಸಾಲ, ಕೊನೆಗೆ ಪರೀಕ್ಷೆಯ ಶುಲ್ಕ. ಮನೆಯಲ್ಲಿ ಹೇಳುವುದು ಪುಸ್ತಕ ಕೊಳ್ಳಬೇಕೆಂದು. ತಾಯಿಗೆ ಪುಸ್ತಕಗಳ ಬೆಲೆ ತಿಳಿಯದು. ಮಗನು ಓದುತ್ತಾನೆ ಎಂಬುದಷ್ಟೇ ಗೊತ್ತು. ಸಾಲ ಕೊಟ್ಟವರ ಎದುರಿಗೆ ಬೀಳಬಾರದೆಂದು ಅವನು ಕಾಲೇಜಿಗೆ ಹೋಗುವುದನ್ನೇ ಕಡಿಮೆ ಮಾಡುತ್ತಾನೆ. ಹಾಜರಾತಿ ಕಡಿಮೆಯಾದುದಕ್ಕೆ ದಡ್ಡತನವಾಗಲಿ ಸೋಮಾರಿತನವಾಗಲಿ ಕಾರಣವಲ್ಲ, ನಾಚಿಕೆ ಕಾರಣ ಎಂಬುದು ಅಧ್ಯಾಪಕರಿಗೂ ಬೇಗ ತಿಳಿಯುವುದಿಲ್ಲ. ವರ್ಷದ ಕೊನೆಗೆ ಎರಡು ವಿಷಯಗಳು ಬಾಕಿ ಉಳಿಯುತ್ತವೆ.

‘ಬದುಕೇ ಒಂದು ಜೂಜಲ್ಲವೇ? ಸಮುದ್ರಕ್ಕೆ ಬಲೆ ಹಾಕುವವನೂ ಜೂಜಾಡುವುದಿಲ್ಲವೇ?’ ಎಂದು ಕೇಳುವವರುಂಟು. ಪ್ರಶ್ನೆ ಚೆನ್ನಾಗಿದೆ. ಈ ಕರಾವಳಿಯಲ್ಲಿ ಹಿಂದೆ ರಂಪಣಿ ಎಂಬ ಬಹು ಉದ್ದವಾದ ಬಲೆ ಬಳಕೆಯಲ್ಲಿತ್ತು. ದೋಣಿಯಲ್ಲಿ ಬಲೆಯನ್ನು ಒಯ್ದು ಬಂಗಡೆ, ತಾರ್ಲೆ ಮೀನುಗಳ ಹಿಂಡನ್ನು ಸುತ್ತುವರಿದು, ಎರಡೂ ತುದಿಗಳನ್ನು ಹತ್ತಾರು ಜನರು ದಡದಿಂದ ಎಳೆಯುತ್ತಿದ್ದರು. ಮೀನು ಸಿಗುವುದು ನಿಶ್ಚಯವಿರಲಿಲ್ಲ. ಆದರೆ ಸಿಕ್ಕ ದಿನ ಎಳೆದವರೆಲ್ಲರಿಗೂ ಪಾಲು ಇರುತ್ತಿತ್ತು; ಸಿಗದ ದಿನ ಬಲೆಯಾದರೂ ಉಳಿಯುತ್ತಿತ್ತು, ಬಲೆ ಹಾಕುವ ಕೌಶಲವೂ ಉಳಿಯುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಬಹುಮಟ್ಟಿಗೆ ಮರೆಯಾಯಿತು. ಅದು ಬೇರೆಯೇ ಒಂದು ಕಥೆ. ಮೀನುಗಾರನ ಅನಿಶ್ಚಯದಿಂದ ಊರಿಗೆ ಊಟ ಬರುತ್ತದೆ. ಪಣದ ಅನಿಶ್ಚಯದಿಂದ ಜಗತ್ತಿಗೆ ಒಂದು ಹಿಡಿ ಅಕ್ಕಿಯೂ ಹೆಚ್ಚುವುದಿಲ್ಲ. ಒಬ್ಬನ ಜೇಬಿನ ಹಣ ಇನ್ನೊಬ್ಬನ ಜೇಬಿಗೆ, ದಾರಿಯಲ್ಲಿ ಒಂದಿಷ್ಟು ಕಡಿಮೆಯಾಗಿ, ಹೋಗುತ್ತದೆ.

ಈ ವಿದ್ಯಾರ್ಥಿಯು ಕಳೆದುಕೊಳ್ಳುತ್ತಿರುವ ಓದು ಎಷ್ಟು ಕಷ್ಟದಿಂದ ಈ ನೆಲಕ್ಕೆ ಬಂದಿತೆಂಬುದನ್ನೂ ತಿಳಿಯಬೇಕು. ಅಂಕೋಲೆಯ ಜನರು 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದರು. ಅನಂತರದ ಕರನಿರಾಕರಣೆಯಲ್ಲಿ ಎಷ್ಟೋ ರೈತ ಮನೆತನಗಳು ಜಮೀನನ್ನೇ ಕಳೆದುಕೊಂಡವು. ಅವರೂ ಪಣವಿಟ್ಟವರೇ, ಆದರೆ ಇಟ್ಟದ್ದು ತಮ್ಮ ಮುಂದಿನ ತಲೆಮಾರಿಗಾಗಿ. ಅದೇ ತಾಲೂಕಿನವರಾದ ದಿನಕರ ದೇಸಾಯಿಯವರು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು ಸೇರಿ, ಗೇಣಿದಾರ ರೈತರ ಪರವಾಗಿ ಹೋರಾಡಿದರು. ಚುಟುಕಗಳ ಕವಿಯೆಂದು ನಾಡಿಗೆಲ್ಲ ಪರಿಚಿತರಾದ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆದರು. ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅವರ ಹೆಸರಿನಲ್ಲಿಯೇ ಅಂಕೋಲೆಯಲ್ಲಿ ಕಾಲೇಜು ಆರಂಭವಾಯಿತು. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಯು ಸಮುದ್ರವನ್ನು ಸೇರುವ ಎಡೆಯಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಮೀನು ಹಿಡಿಯುವವನ ಮಗನು ಮೀನಿನ ಶಾಸ್ತ್ರವನ್ನು ಮನೆಯ ಬಾಗಿಲಲ್ಲಿಯೇ ಕಲಿಯಬಲ್ಲನು. ಶಾಲೆ ಕಟ್ಟಿದವರು ಫಲಕ್ಕಾಗಿ ಒಂದು ತಲೆಮಾರು ಕಾದರು.

ಕಾನೂನು ಈ ಪಿಡುಗಿನ ಹಿಂದೆ ಓಡುತ್ತಲೇ ಇದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯು ಜೂಜನ್ನು ಅಪರಾಧವೆನ್ನುತ್ತದೆ. 2021ರ ಅಕ್ಟೋಬರ್‌ನಲ್ಲಿ ರಾಜ್ಯವು ಅದಕ್ಕೆ ತಿದ್ದುಪಡಿ ತಂದು ಅಂತರ್ಜಾಲದ ಹಣದಾಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಹೆಸರಾಂತ ಆಟಗಾರರೂ ನಟರೂ ಹಣದಾಟಗಳ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ‘ಇದು ಚಟವಾಗಬಹುದು’ ಎಂಬ ಎಚ್ಚರಿಕೆಯನ್ನು ಮಾತ್ರ ಯಾರಿಗೂ ಕೇಳಿಸದ ವೇಗದಲ್ಲಿ ಓದಿ ಮುಗಿಸಲಾಗುತ್ತಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯೊಂದನ್ನು ಅಂಗೀಕರಿಸಿತು. ಹಣ ಕಟ್ಟಿಸಿಕೊಂಡು ಅಂತರ್ಜಾಲದಲ್ಲಿ ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ ಎಂದು ಅದು ವಿಧಿಸುತ್ತದೆ. ಆಡಿ ಸೋತವನನ್ನು ಅದು ಶಿಕ್ಷಿಸುವುದಿಲ್ಲ.

ಸಾಲದಲ್ಲಿ ಸಿಲುಕಿದ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಇನ್ನೊಂದು ಹಳೆಯ ಕಾನೂನುಂಟು. 1872ರ ಭಾರತೀಯ ಒಪ್ಪಂದಗಳ ಕಾಯ್ದೆಯ 30ನೆಯ ಕಲಮಿನ ಪ್ರಕಾರ ಬಾಜಿಯ ಒಪ್ಪಂದವು ಅಸಿಂಧು. ಬಾಜಿಯಲ್ಲಿ ಗೆದ್ದ ಹಣಕ್ಕಾಗಿ ಯಾರೂ ನ್ಯಾಯಾಲಯದಲ್ಲಿ ದಾವೆ ಹೂಡಲಾಗದು. ಬುಕ್ಕಿಯು ‘ಕೊಡದಿದ್ದರೆ ಕೋರ್ಟಿಗೆಳೆಯುತ್ತೇನೆ’ ಎಂದರೆ ಅದು ಬರಿಯ ಬೆದರಿಕೆ. ಹಾಗೆ ಬೆದರಿಸುವವನ ಬಗೆಗೆ ಪೊಲೀಸರಿಗೆ ದೂರು ಕೊಡಬಹುದು. ಆದರೆ ಅನೇಕ ಹುಡುಗರು ಬುಕ್ಕಿಗಿಂತ ಹೆಚ್ಚಾಗಿ ಮನೆಯವರಿಗೆ ಹೆದರುತ್ತಾರೆ. ಒಬ್ಬರಿಗಾದರೂ, ತಂದೆಗೋ ಅಣ್ಣನಿಗೋ ನಂಬಿಕೆಯ ಮೇಷ್ಟರಿಗೋ, ಸಾಲದ ಮೊತ್ತವನ್ನು ಒಂದು ರೂಪಾಯಿಯನ್ನೂ ಮುಚ್ಚಿಡದೆ ಹೇಳಿದ ದಿನದಿಂದ ಬಿಡುಗಡೆ ಆರಂಭವಾಗುತ್ತದೆ. ಅರ್ಧ ಮುಚ್ಚಿಟ್ಟವನು ಆ ಅರ್ಧವನ್ನು ತೀರಿಸಲೆಂದು ಮತ್ತೆ ಪಣ ಕಟ್ಟುತ್ತಾನೆ.

ಹೇಳಿಕೊಂಡ ಮೇಲೂ ಬಿಡಲಾಗದಿದ್ದರೆ ಅದನ್ನು ನಡತೆಯ ದೋಷವೆಂದು ಹೀಯಾಳಿಸುವುದು ಸರಿಯಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಜೂಜಿನ ಗೀಳನ್ನು ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದ ಜೊತೆಗೆ, ಚಿಕಿತ್ಸೆ ಬೇಕಾದ ಕಾಯಿಲೆಗಳ ಸಾಲಿನಲ್ಲಿ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮೊಬೈಲು, ಅಂತರ್ಜಾಲಗಳ ಗೀಳಿಗಾಗಿಯೇ 2014ರಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆಯಿತು. ಕಾರವಾರದಿಂದ ಬೆಂಗಳೂರು ದೂರವೆನ್ನುವವರಿಗೆ 2022ರ ಅಕ್ಟೋಬರ್ 10ರಂದು ಭಾರತ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯಿದೆ. ಅದರ ಸಂಖ್ಯೆ 14416. ಅದಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲಿಯೇ ಮಾತನಾಡಬಹುದು.